ಆಯ್ಕೆಯ ಹಕ್ಕು: ಎರಡು ಪ್ಲಾಸ್ಟಿಕ್ ಗಿಟಾರುಗಳ ಪಾಠ

ತರಗತಿ: 10. ವಿಷಯ: ಸಮಾಜ ವಿಜ್ಞಾನ (ವ್ಯವಹಾರ ಅಧ್ಯಯನ). ಘಟಕ: ಗ್ರಾಹಕ ಶಿಕ್ಷಣ ಮತ್ತು ರಕ್ಷಣೆ. ಅವಧಿ: 40 ನಿಮಿಷಗಳ ಎರಡು.

ಗ್ರಾಹಕರ ಹಕ್ಕುಗಳ ಪಾಠವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಗೆ ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ. ಬೋಧನೋಪಕರಣ ಹುಡುಕುವ ಕಷ್ಟವಿಲ್ಲ. ಎರಡು ಬಗೆಯ ಸೋಪು, ಒಂದು ಬಿಸ್ಕತ್ತಿನ ಪೊಟ್ಟಣ ಇದ್ದರೆ ಸಾಕು. ಬೆಲೆ ಎಲ್ಲಿ ಅಚ್ಚಾಗಿದೆ, ತಯಾರಾದ ದಿನಾಂಕ ಯಾವುದು, ತೂಕ ಎಷ್ಟು ಎಂದು ಕೇಳಿದರೆ ಇಡೀ ತರಗತಿ ಕೈ ಎತ್ತುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತ ಮೇಲ್ವಿಚಾರಕರೂ ಒಳ್ಳೆಯ ಅಂಕ ಕೊಡುತ್ತಾರೆ. ಮಾಹಿತಿಯ ಹಕ್ಕು, ಸುರಕ್ಷತೆಯ ಹಕ್ಕು ಇದರಿಂದ ತಿಳಿಯುತ್ತವೆ ಎನ್ನುವುದು ನಿಜ. ಆಯ್ಕೆಯ ಹಕ್ಕು ಮಾತ್ರ ಪ್ರತಿ ಪಾಠದಲ್ಲೂ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ಎರಡು ಸೋಪುಗಳ ನಡುವೆ ಮಗು ಆರಿಸಬೇಕಾದ್ದು ಏನೂ ಇರುವುದಿಲ್ಲ. ಅಗ್ಗದ್ದೋ, ಮನೆಯಲ್ಲಿ ತರುವುದೋ, ಅಷ್ಟೇ.

ಆಯ್ಕೆಯನ್ನು ಕಲಿಸಬೇಕಾದರೆ ಎರಡೂ ಕಡೆ ತೂಕವಿರುವ ಪ್ರಸಂಗ ಬೇಕು. ಅದರ ಫಲಿತಾಂಶ ನಮಗೆ ಗೊತ್ತಿರಬೇಕು, ಮಕ್ಕಳಿಗೆ ಗೊತ್ತಿರಬಾರದು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಲಿನ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಸೂಚಿಸುವ ಪ್ರಸಂಗ ಸಂಗೀತದ ವಿಡಿಯೋ ಆಟಗಳದು: 2015ರ ಅಕ್ಟೋಬರ್ ತಿಂಗಳಲ್ಲಿ ಎರಡು ವಾರಗಳ ಅಂತರದಲ್ಲಿ ಮಾರುಕಟ್ಟೆಗೆ ಬಂದ ರಾಕ್ ಬ್ಯಾಂಡ್ 4 ಮತ್ತು ಗಿಟಾರ್ ಹೀರೋ ಲೈವ್.

ಶಿಕ್ಷಕರಿಗೆ ಬೇಕಾದ ಹಿನ್ನೆಲೆ

ಈ ಆಟಗಳನ್ನು ನೋಡದವರಿಗೆ ಎರಡು ಮಾತು. ಪರದೆಯ ಮೇಲೆ ಒಂದು ರಸ್ತೆ ನಮ್ಮ ಕಡೆಗೆ ಉರುಳಿ ಬರುತ್ತದೆ. ಅದರ ಮೇಲೆ ಬಣ್ಣದ ಬಿಲ್ಲೆಗಳಿರುತ್ತವೆ. ಬಿಲ್ಲೆ ಕೆಳಗಿನ ಗೆರೆ ಮುಟ್ಟುವ ಕ್ಷಣಕ್ಕೆ ಪ್ಲಾಸ್ಟಿಕ್ ಗಿಟಾರಿನ ಕತ್ತಿನ ಮೇಲಿರುವ ಅದೇ ಬಣ್ಣದ ಗುಂಡಿ ಒತ್ತಿ, ಇನ್ನೊಂದು ಕೈಯಲ್ಲಿ ತಂತಿಯ ಜಾಗದಲ್ಲಿರುವ ಪಟ್ಟಿಯನ್ನು ಮೀಟಬೇಕು. ತಪ್ಪಿದರೆ ಹಾಡಿನಲ್ಲಿ ಗಿಟಾರಿನ ದನಿ ಮಾಯವಾಗುತ್ತದೆ.

1990ರ ದಶಕದ ಕೊನೆಯಲ್ಲಿ ಜಪಾನಿನ ಕೊನಾಮಿ ಕಂಪನಿ ಇಂಥ ಆಟಗಳನ್ನು ಆಟದ ಅಂಗಡಿಗಳಿಗೆ ತಂದಿತು. ಮನೆಮನೆಗೆ ತಂದದ್ದು 2005ರ ಗಿಟಾರ್ ಹೀರೋ. ಆಟವನ್ನು ರೂಪಿಸಿದ್ದು ಹಾರ್ಮೊನಿಕ್ಸ್, ಪ್ರಕಟಿಸಿದ್ದು ರೆಡ್‌ಆಕ್ಟೇನ್. ಮರುವರ್ಷ ರೆಡ್‌ಆಕ್ಟೇನನ್ನು ಆಕ್ಟಿವಿಷನ್ ಕೊಂಡಿತು, ಹಾರ್ಮೊನಿಕ್ಸನ್ನು ಎಂಟಿವಿ ಕೊಂಡಿತು. ಹೀಗೆ ಒಂದೇ ಒಲೆಯ ಮೇಲೆ ಅಡುಗೆ ಮಾಡಿದವರು ಎದುರುಬದುರು ಅಂಗಡಿ ಹಾಕಿದರು. 2007ರಲ್ಲಿ ಹಾರ್ಮೊನಿಕ್ಸ್ ಗಿಟಾರಿನ ಜೊತೆಗೆ ಡ್ರಮ್ ಮತ್ತು ಮೈಕನ್ನೂ ಸೇರಿಸಿ ರಾಕ್ ಬ್ಯಾಂಡ್ ತಂದಿತು. ಅದೇ ವರ್ಷದ ಕೊನೆಗೆ, ಪ್ಲೇಸ್ಟೇಷನ್ 3ರಲ್ಲಿ ಒಬ್ಬರ ಗಿಟಾರು ಇನ್ನೊಬ್ಬರ ಆಟಕ್ಕೆ ಹೊಂದಬೇಕೇ ಬೇಡವೇ ಎಂಬುದರ ಮೇಲೆ ಎರಡು ಕಂಪನಿಗಳು ಬಹಿರಂಗವಾಗಿ ಕಚ್ಚಾಡಿದವು. ಆ ಗಿಟಾರಿಗೆ ಕೈತುಂಬ ದುಡ್ಡು ಕೊಟ್ಟಿದ್ದ ಗ್ರಾಹಕ ಮಧ್ಯದಲ್ಲಿ ನಿಂತು ನೋಡಿದ. 2011ರ ಫೆಬ್ರವರಿಯಲ್ಲಿ ಆಕ್ಟಿವಿಷನ್ ಗಿಟಾರ್ ಹೀರೋವನ್ನು ನಿಲ್ಲಿಸಿತು. 2015ರಲ್ಲಿ ಎರಡೂ ಮರಳಿ ಬಂದವು.

ಇಷ್ಟನ್ನೂ ಮಕ್ಕಳಿಗೆ ಹೇಳಬೇಕಿಲ್ಲ. ಹೇಳಿದರೆ ಮೊದಲ ಅವಧಿ ಇದರಲ್ಲೇ ಕಳೆದುಹೋಗುತ್ತದೆ.

ಮೊದಲ ಅವಧಿ

ಕಪ್ಪುಹಲಗೆಯ ಮೇಲೆ ಸನ್ನಿವೇಶ ಬರೆಯಿರಿ. ಇಸವಿ 2015, ನವೆಂಬರ್. ಹತ್ತಿರದ ಕಂಪನಿಯೊಂದು ಶಾಲೆಗೆ ಟಿವಿ ಮತ್ತು ಆಟದ ಯಂತ್ರ ಕೊಡುತ್ತಿದೆ. ಸಂಗೀತದ ಆಟ ಒಂದನ್ನು ನೀವೇ ಆರಿಸಿ, ಕಾರಣ ಬರೆದು ಕೊಡಿ ಎಂದಿದೆ. ಕೋಣೆಗೆ ಒಂದು ಸಲಕ್ಕೆ ಹತ್ತು ಮಕ್ಕಳು ಬರುತ್ತಾರೆ.

ಇಲ್ಲಿ ಪ್ರಶಿಕ್ಷಣಾರ್ಥಿಗಳು ಅವಸರಪಟ್ಟು ಎರಡು ಆಟಗಳ ಚಿತ್ರ ತೋರಿಸಿಬಿಡುತ್ತಾರೆ. ಬೇಡ. ಮೊದಲು ಪ್ರತಿ ಗುಂಪು ತನಗೆ ಏನು ಬೇಕು ಎಂಬುದನ್ನು ಬರೆಯಲಿ. ಆಮೇಲೆ ಗುಂಪಿಗೆ ಇಪ್ಪತ್ತು ಹುಣಸೆಬೀಜ ಕೊಡಿ, ಬರೆದ ಮಾನದಂಡಗಳ ಮೇಲೆ ಹಂಚಿ ಇಡಲಿ. ಹೆಚ್ಚು ಮುಖ್ಯವಾದದ್ದಕ್ಕೆ ಹೆಚ್ಚು ಬೀಜ. ಬೀಜ ಇಟ್ಟು ಎಣಿಕೆ ಬರೆದಾದ ಮೇಲೆಯೇ ಮಾಹಿತಿ ಚೀಟಿ ಕೈಗೆ ಬರಬೇಕು. ಚಿತ್ರ ಮೊದಲು ನೋಡಿದವರು ಮೆಚ್ಚಿದ ವಸ್ತುವಿಗೆ ತಕ್ಕಂತೆ ಮಾನದಂಡ ಹೊಲಿಯುತ್ತಾರೆ. ದೊಡ್ಡವರು ಮೊಬೈಲ್ ಕೊಳ್ಳುವಾಗ ಮಾಡುವುದೂ ಅದೇ.

ರಾಕ್ ಬ್ಯಾಂಡ್ 4ರ ಚೀಟಿ ಹೀಗಿರಲಿ. ಗಿಟಾರು, ಡ್ರಮ್, ಮೈಕ್ ಇರುವ ಪೂರ್ಣ ಪೆಟ್ಟಿಗೆ ಅಮೆರಿಕದಲ್ಲಿ 249.99 ಡಾಲರ್. ಡಿಸ್ಕಿನಲ್ಲಿ 65 ಹಾಡು. ಹೊಸ ಹಾಡು ಬೇಕೆಂದರೆ ಒಂದೊಂದಾಗಿ ದುಡ್ಡು ಕೊಟ್ಟು ಕೊಳ್ಳಬೇಕು. ಅದೇ ಕಂಪನಿಯ ಹಿಂದಿನ ಯಂತ್ರದಲ್ಲಿ ಕೊಂಡಿದ್ದ ಹಾಡುಗಳನ್ನು ಇಲ್ಲಿಗೂ ತರಬಹುದು. ಹಳೆಯ ವಾದ್ಯಗಳಲ್ಲಿ ಹಲವು ಇದಕ್ಕೂ ನಡೆಯುತ್ತವೆ. ವಾದ್ಯಗಳನ್ನು ತಯಾರಿಸುವುದು ಮ್ಯಾಡ್ ಕ್ಯಾಟ್ಜ್ ಎಂಬ ಬೇರೆ ಕಂಪನಿ.

ಗಿಟಾರ್ ಹೀರೋ ಲೈವ್‌ನ ಚೀಟಿ: ಒಂದು ಗಿಟಾರು ಸೇರಿ 99.99 ಡಾಲರ್. ಡ್ರಮ್ ಇಲ್ಲ. ಗುಂಡಿಗಳು ಐದರ ಬದಲು ಆರು, ಮೂರರಂತೆ ಎರಡು ಸಾಲು. ಹಳೆಯ ಗಿಟಾರು ನಡೆಯದು. ಡಿಸ್ಕಿನಲ್ಲಿ 42 ಹಾಡು. ಉಳಿದ ನೂರಾರು ಹಾಡು ಅಂತರ್ಜಾಲದ ಮೂಲಕ ಟಿವಿ ಚಾನೆಲ್ಲಿನಂತೆ ಹರಿದು ಬರುತ್ತವೆ. ಅವನ್ನು ಬೇರೆಬೇರೆಯಾಗಿ ಕೊಂಡು ಇಟ್ಟುಕೊಳ್ಳಲು ಆಗದು.

ಆಗ ಡಾಲರ್‌ಗೆ ಸುಮಾರು 65 ರೂಪಾಯಿ. ಲೆಕ್ಕ ಮಕ್ಕಳೇ ಮಾಡಲಿ. ಒಂದು ಸುಮಾರು 6,500, ಇನ್ನೊಂದು ಸುಮಾರು 16,250. ಇಲ್ಲಿಗೆ ಗಿಟಾರ್ ಹೀರೋ ಗೆದ್ದಂತೆ ಕಾಣುತ್ತದೆ. ಸ್ವಲ್ಪ ಕಾಯಿರಿ, ಯಾವುದೋ ಗುಂಪು ತಲೆಯ ಲೆಕ್ಕ ಹಾಕುತ್ತದೆ: ದೊಡ್ಡ ಪೆಟ್ಟಿಗೆಯಲ್ಲಿ ಮೂವರು ಆಡಬಹುದು, ಆಗ ಒಬ್ಬರಿಗೆ ಸುಮಾರು 5,400 ಬೀಳುತ್ತದೆ. ಹತ್ತು ಮಕ್ಕಳ ಕೋಣೆಯಲ್ಲಿ ಏಳು ಮಂದಿ ಕಾಯುವುದಕ್ಕೂ ಒಂಬತ್ತು ಮಂದಿ ಕಾಯುವುದಕ್ಕೂ ಇರುವ ವ್ಯತ್ಯಾಸ ಹತ್ತನೇ ತರಗತಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಯಾವ ಶಾಲೆಯ ಮಕ್ಕಳು ಏನು ಕೇಳುತ್ತಾರೆ ಎನ್ನುವುದು ಈ ಪಾಠದ ಸ್ವಾರಸ್ಯ. ಪೀಣ್ಯದ ಕಡೆಯ ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ಎದ್ದು, "ಮಿಸ್, ಆ ಪೆಡಲ್ಲು ಪ್ಲಾಸ್ಟಿಕ್ಕಾ, ಲೋಹನಾ? ಎಷ್ಟು ಸಲ ತುಳಿದ್ರೆ ಮುರಿಯುತ್ತೆ?" ಎಂದು ಕೇಳಿದಳು. ಅವಳ ತಂದೆ ಮೋಲ್ಡಿಂಗ್ ಶಾಪಿನಲ್ಲಿ ಕೆಲಸ ಮಾಡುವವರು. ಆ ಪ್ರಶ್ನೆಗೆ ನಿಜವಾದ ಉತ್ತರವಿದೆ: 2007ರ ಮೊದಲ ರಾಕ್ ಬ್ಯಾಂಡಿನ ಪ್ಲಾಸ್ಟಿಕ್ ಪೆಡಲ್ ಮುರಿಯುವುದಕ್ಕೇ ಹೆಸರಾಗಿತ್ತು, ಮುಂದಿನ ಆವೃತ್ತಿಯಲ್ಲಿ ಅದಕ್ಕೆ ಲೋಹದ ತಗಡು ಕೂಡಿಸಿದರು. ವೈಟ್‌ಫೀಲ್ಡ್ ಕಡೆ ಹೋದರೆ ಕೇಳುವುದು ಬೇರೆ: ನೆಟ್ ಹೋದರೆ ಏನು, ಸರ್ವರ್ ಎಲ್ಲಿದೆ, ಅಕೌಂಟ್ ಯಾರ ಹೆಸರಲ್ಲಿ. ಇದನ್ನು ಕೇಳುವವರೆಲ್ಲ ಸಾಫ್ಟ್‌ವೇರ್ ಎಂಜಿನಿಯರುಗಳ ಮಕ್ಕಳು ಎಂದುಕೊಳ್ಳಬೇಡಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಆ ಕಟ್ಟಡಗಳ ಕಾವಲುಗಾರರ, ಮನೆಗೆಲಸದವರ ಮಕ್ಕಳೂ ಇದ್ದಾರೆ, ರೀಚಾರ್ಜ್ ಮುಗಿದ ಮೇಲೆ ಆಟ ಹೇಗೆ ನಿಲ್ಲುತ್ತದೆ ಎಂಬುದು ಅವರಿಗೇ ಹೆಚ್ಚು ಗೊತ್ತು.

ಪಟ್ಟಿ ಎಳೆಯುವ ಚಟುವಟಿಕೆ

ಆಟದ ಯಂತ್ರ ತರಗತಿಗೆ ಬರುವುದಿಲ್ಲ. ಬದಲಿಗೆ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯನ್ನು ಅಂಟಿಸಿ ಎರಡು ಮೀಟರ್ ಉದ್ದದ ಪಟ್ಟಿ ಮಾಡಿ. ಪ್ರತಿ 25 ಸೆಂಟಿಮೀಟರಿಗೆ ಒಂದು ಬಣ್ಣದ ಬಿಲ್ಲೆ. ಒಬ್ಬ ಪಟ್ಟಿಯನ್ನು ಮೇಜಿನ ಅಂಚಿನಾಚೆಗೆ ಎಳೆಯುತ್ತಾನೆ, ಬಿಲ್ಲೆ ಅಂಚನ್ನು ದಾಟುವಾಗ ಆಯಾ ಬಣ್ಣದ ಮಗು ಮೇಜು ತಟ್ಟಬೇಕು. ಸೆಕೆಂಡಿಗೆ ಒಂದು ಬಿಲ್ಲೆಯಂತೆ ಎಳೆದರೆ ಎಂಟು ತಟ್ಟು ಆಗುತ್ತದೆ, ಆದಿತಾಳದ ಒಂದು ಆವರ್ತ. ನಾಲ್ಕೈದು ಸಲ ಮಾಡಿಸಿ. ಆಮೇಲೆ ಪಟ್ಟಿಯನ್ನು ಸುತ್ತಿಡಿ. ಅದೇ ಎಂಟನ್ನು ಕೈಯಲ್ಲಿ ಹಾಕಿಸಿ: ಒಂದು ತಟ್ಟು, ಮೂರು ಬೆರಳೆಣಿಕೆ, ಮತ್ತೆ ತಟ್ಟು, ತಿರುವು, ತಟ್ಟು, ತಿರುವು.

ಪಟ್ಟಿಯಿದ್ದಾಗ ಎಳೆಯುವವನು ನಿಧಾನಿಸಿದರೆ ಎಲ್ಲರೂ ನಿಧಾನಿಸುತ್ತಾರೆ, ಯಾರಿಗೂ ಅದು ತಪ್ಪೆನಿಸುವುದಿಲ್ಲ. ಕೈಯಲ್ಲಿ ಹಾಕುವಾಗ ತರಗತಿ ತನಗರಿವಿಲ್ಲದೆ ಓಡತೊಡಗುತ್ತದೆ, ಆಗ ಯಾರೋ ಒಬ್ಬರು "ಏಯ್, ಸ್ಪೀಡಾಯ್ತು" ಎನ್ನುತ್ತಾರೆ. ಆ ಕ್ಷಣಕ್ಕಾಗಿ ಕಾಯಿರಿ, ಅಲ್ಲೇ ಪಾಠ ನಿಲ್ಲಿಸಿ ಕೇಳಿ: ಮೊದಲ ಸಲ ಕಾಲವನ್ನು ಹಿಡಿದದ್ದು ಯಾರು, ಎರಡನೆಯ ಸಲ ಯಾರು? ಈ ಆಟಗಳು ಕಣ್ಣಿಗೆ ಕಾಣುವ ಕಾಲಕ್ಕೆ ಕೈ ಹೊಂದಿಸಲು ಕಲಿಸುತ್ತವೆ. ತಾಳ ಹಾಕುವವರು ಕಾಲವನ್ನು ತಾವೇ ಹೊರಬೇಕು. ಇದನ್ನು ಕಂಡ ಮೇಲೆ ಕೆಲವು ಗುಂಪು 'ಏನು ಕಲಿಯುತ್ತೇವೆ' ಎಂಬ ಮಾನದಂಡ ಸೇರಿಸಲು ಬೀಜ ಮರಳಿ ಹಂಚಬೇಕು ಎನ್ನುತ್ತವೆ. ಅವಕಾಶ ಕೊಡಿ. ನನ್ನ ಅಭಿಪ್ರಾಯ ಕೇಳಿದರೆ, ಗುಂಡಿ ಒತ್ತುವ ಗಿಟಾರು ನಿಜವಾದ ಗಿಟಾರಿನಿಂದ ಬಹಳ ದೂರ. ಕೋಲಿನಿಂದ ಬಡಿದು ಕಾಲಿನಿಂದ ತುಳಿಯುವ ಡ್ರಮ್ ಮಾತ್ರ ನಿಜವಾದ ಡ್ರಮ್ಮಿಗೆ ಹತ್ತಿರ. ಆ ಲೆಕ್ಕದಲ್ಲಿ ದುಬಾರಿ ಪೆಟ್ಟಿಗೆಗೆ ಒಂದು ವಾದವಿದೆ.

ಎರಡನೆಯ ಅವಧಿ

ಗುಂಪುಗಳು ತಮ್ಮ ಆಯ್ಕೆ ಮತ್ತು ಕಾರಣ ಓದಿದ ಮೇಲೆ ಮುಂದೇನಾಯಿತು ಎಂಬುದನ್ನು ಬಿಚ್ಚಿಡಿ. 2017ರಲ್ಲಿ ಮ್ಯಾಡ್ ಕ್ಯಾಟ್ಜ್ ದಿವಾಳಿಯಾಯಿತು. ರಾಕ್ ಬ್ಯಾಂಡಿನ ಆ ವಾದ್ಯಗಳನ್ನು ತಯಾರಿಸಿದವರೇ ಇಲ್ಲವಾದರು. 2018ರ ಡಿಸೆಂಬರ್ 1ರಂದು ಗಿಟಾರ್ ಹೀರೋ ಲೈವ್‌ನ ಅಂತರ್ಜಾಲದ ಸೇವೆ ನಿಂತಿತು. ಉಳಿದದ್ದು ಡಿಸ್ಕಿನ 42 ಹಾಡು. ರಾಕ್ ಬ್ಯಾಂಡ್ 4ಕ್ಕೆ ಹೊಸ ಹಾಡುಗಳು 2024ರ ಜನವರಿಯವರೆಗೂ ಬರುತ್ತಲೇ ಇದ್ದವು, ಕೊಂಡ ಹಾಡು ಕೊಂಡವರಲ್ಲೇ ಉಳಿಯಿತು.

ತರಗತಿ ಇಲ್ಲಿ ಗದ್ದಲವಾಗುತ್ತದೆ. ಗದ್ದಲ ನಿಲ್ಲಿಸಲು ಹೋಗಬೇಡಿ. ಅದರೊಳಗೇ ಕಾನೂನಿನ ವಿಷಯ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ದೋಷವನ್ನೂ ಸೇವೆಯ ನ್ಯೂನತೆಯನ್ನೂ ಬೇರೆ ಬೇರೆ ಪದಗಳಲ್ಲಿ ಹೇಳುತ್ತದೆ. ಮುರಿದ ಪೆಡಲ್ ಯಾವುದು, ನಿಂತ ಹಾಡು ಯಾವುದು? ಒಂದೇ ಪೆಟ್ಟಿಗೆಗೆ ದುಡ್ಡು ಕೊಟ್ಟು ಮಗು ಅರ್ಧ ಸರಕು, ಅರ್ಧ ಸೇವೆ ಕೊಂಡಿತ್ತು. ಪೆಟ್ಟಿಗೆಯ ಮೇಲೆ ಆ ಗೆರೆ ದಪ್ಪಕ್ಷರದಲ್ಲಿ ಇರಲಿಲ್ಲ. ಸೋಪಿನ ಉದಾಹರಣೆಯಿಂದ ಈ ವ್ಯತ್ಯಾಸವನ್ನು ಎಷ್ಟು ಎಳೆದರೂ ತರಲಾಗದು. ಅಮೆರಿಕದಲ್ಲಿ ಸೇವೆ ನಿಲ್ಲುವ ಮೊದಲಿನ ಸುಮಾರು ಒಂದು ವರ್ಷದೊಳಗೆ ಕೊಂಡವರಿಗೆ ಕಂಪನಿ ಹಣ ಮರಳಿಸುವ ಅವಕಾಶ ಕೊಟ್ಟಿತು, 2015ರಲ್ಲೇ ಕೊಂಡವರಿಗೆ ಕೊಡಲಿಲ್ಲ. ಇದು ನ್ಯಾಯವೇ ಎಂಬ ಪ್ರಶ್ನೆಗೆ ಎರಡು ಕಡೆಯಿಂದಲೂ ಒಳ್ಳೆಯ ಉತ್ತರ ಬರುತ್ತದೆ. "ಮೂರು ವರ್ಷ ಆಡಿದ್ರಲ್ಲ ಸರ್" ಎನ್ನುವವರನ್ನೂ ಮಾತಾಡಲು ಬಿಡಿ.

ದಾನವಾಗಿ ಬಂದ ಆಟಕ್ಕೆ ನಾವು ಗ್ರಾಹಕರೇ ಎಂದು ಯಾರಾದರೂ ಕೇಳಿದರೆ, ಕೊಂಡವರ ಒಪ್ಪಿಗೆಯಿಂದ ಬಳಸುವವರನ್ನೂ ಕಾಯ್ದೆ ಗ್ರಾಹಕರೆಂದೇ ಕರೆಯುತ್ತದೆ ಎಂದು ಹೇಳಬಹುದು. ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎನ್ನುವುದು ಹೊಸ ಕಾಯ್ದೆಯಲ್ಲಿ ಬಂದದ್ದು. ಹಲಗೆಯ ಮೇಲೆ ಈಗಲೂ 'ಜಿಲ್ಲಾ ವೇದಿಕೆ' ಎಂದು ಬರೆಯುವ ಪ್ರಶಿಕ್ಷಣಾರ್ಥಿಗಳಿದ್ದಾರೆ. 2020ರ ಜುಲೈಯಲ್ಲಿ ಹೊಸ ಕಾಯ್ದೆ ಜಾರಿಗೆ ಬಂದಂದಿನಿಂದ ಅದು 'ಜಿಲ್ಲಾ ಆಯೋಗ'.

ಮೂರನೆಯ ಕಂಬಸಾಲು

ಬಹುತೇಕ ಪ್ರತಿ ತರಗತಿಯಲ್ಲೂ ಬರುವ, ಪ್ರಶಿಕ್ಷಣಾರ್ಥಿಗಳನ್ನು ತಬ್ಬಿಬ್ಬು ಮಾಡುವ ಒಂದು ಪ್ರಶ್ನೆಯಿದೆ: "ಅಷ್ಟು ದುಡ್ಡಿಗೆ ನಿಜವಾದ ತಮಟೆ ಎಷ್ಟು ಬರುತ್ತೆ?" ಒಬ್ಬರು "ಅದು ಪ್ರಶ್ನೆಯಲ್ಲಿಲ್ಲ, ಕೂತ್ಕೊ" ಎಂದದ್ದನ್ನು ಕೇಳಿದ್ದೇನೆ. ಎರಡೂ ಬೇಡ ಎನ್ನುವುದೂ ಆಯ್ಕೆಯ ಹಕ್ಕಿನೊಳಗೇ ಬರುತ್ತದೆ. ಹಲಗೆಯ ಮೇಲೆ ಮೂರನೆಯ ಕಂಬಸಾಲು ಎಳೆದು, ಅದೇ ಮಾನದಂಡ, ಅದೇ ಬೀಜಗಳಿಂದ ತಮಟೆಯನ್ನೂ ತೂಗಲಿ. ನಮ್ಮದು ಎಂಬ ಅಭಿಮಾನಕ್ಕೆ ರಿಯಾಯಿತಿ ಕೊಡಬೇಡಿ. ತಮಟೆಗೆ ಸರ್ವರ್ ಬೇಡ, ರಿಪೇರಿ ಊರಲ್ಲೇ ಆಗುತ್ತದೆ, ಹತ್ತು ಮಂದಿಯೂ ಒಟ್ಟಿಗೆ ಬಾರಿಸಬಹುದು. ಆದರೆ ಪಕ್ಕದ ತರಗತಿ ನಡೆಯುವಂತಿಲ್ಲ, ಕಲಿಸುವವರು ಬೇಕು. ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದ್ದು ಲಯವಾದ್ಯಗಳನ್ನು ಕಲಿಸುವುದಕ್ಕಾಗಿಯೇ; ವಾದ್ಯ ಕೊಂಡುತಂದ ಮಾತ್ರಕ್ಕೆ ಲಯ ಬರುವುದಿಲ್ಲ. ನಿಜವಾದ ಗಿಟಾರನ್ನೇ ಯಂತ್ರಕ್ಕೆ ಜೋಡಿಸುವ ರಾಕ್‌ಸ್ಮಿತ್ ಎಂಬ ಆಟವೂ 2011ರಿಂದ ಇದೆ ಎಂದು ಹೇಳಿದರೆ ಕಂಬಸಾಲು ನಾಲ್ಕಾಗುತ್ತದೆ. ಸಮಯವಿದ್ದರೆ ಮಾತ್ರ ಹೇಳಿ.

ಮೌಲ್ಯಮಾಪನದಲ್ಲಿ ಯಾವ ಆಟ ಆರಿಸಿದರು ಎನ್ನುವುದಕ್ಕೆ ಅಂಕವಿಲ್ಲ. ಬೀಜಗಳ ಎಣಿಕೆಗೂ ಬರೆದ ಕಾರಣಕ್ಕೂ ಹೊಂದಿಕೆ ಇದೆಯೇ ಎಂದು ನೋಡಿ. 'ಎಲ್ಲರೂ ಆಡಬೇಕು' ಎಂಬುದರ ಮೇಲೆ ಎಂಟು ಬೀಜ ಇಟ್ಟು, ಬಣ್ಣ ಚೆನ್ನಾಗಿದೆ ಎಂದು ಆರು ಗುಂಡಿಯ ಗಿಟಾರು ಆರಿಸಿದ ಗುಂಪಿಗೆ ಹಾಳೆಯನ್ನು ಮರಳಿ ಕೊಟ್ಟು, ಆಯ್ಕೆಯನ್ನಾಗಲಿ ಬೀಜಗಳನ್ನಾಗಲಿ ಯಾವುದಾದರೊಂದನ್ನು ಬದಲಿಸಲು ಹೇಳಿ. ಮನೆಗೆಲಸವಾಗಿ ಮನೆಯಲ್ಲಿ ಕಳೆದ ವರ್ಷ ಕೊಂಡ ಒಂದು ವಸ್ತುವನ್ನು ಹೆಸರಿಸಿ, ಅದರಲ್ಲಿ ಎಷ್ಟು ಭಾಗ ಸರಕು, ಎಷ್ಟು ಭಾಗ ಸೇವೆ ಎಂದು ಅರ್ಧ ಪುಟ ಬರೆದು ತರಲಿ. ಸೆಟ್‌ಟಾಪ್ ಬಾಕ್ಸ್ ಬರೆದು ತರುವವರೇ ಹೆಚ್ಚಿರುತ್ತಾರೆ, ನೀರಿನ ಫಿಲ್ಟರ್ ಬರೆದು ತಂದವರ ಹಾಳೆಯನ್ನು ಮೊದಲು ಓದಿಸಿ.