ತಾಯಿ ಕಾರ್ಡ್ ತೆರೆದು ನೋಡಿ
ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಲ್ಲಿ ನಾಟಿ ಮುಗಿದ ಭತ್ತದ ಗದ್ದೆಯ ನಿಂತ ನೀರಿನಲ್ಲೇ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಹಂದಿ, ಬೆಳ್ಳಕ್ಕಿಗಳಲ್ಲಿರುವ ಜಪಾನೀಸ್ ಮಿದುಳು ಜ್ವರದ ವೈರಸ್ ಮಕ್ಕಳಿಗೆ ದಾಟುವುದು ಈ ಸೊಳ್ಳೆಯ ಕಡಿತದಿಂದ. ಈ ಜ್ವರಕ್ಕೆ ನೇರ ಔಷಧಿಯಿಲ್ಲ, ಲಸಿಕೆಯಿದೆ: 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು.

ಲಸಿಕೆ ಮಕ್ಕಳಿಗಷ್ಟೇ ಅಲ್ಲ, ಬಸುರಿಗೂ ಬೇಕು. ಬಸುರಿಯಲ್ಲಿ ಹಾರ್ಮೋನುಗಳು ಕೂಸನ್ನು ಕಾಯಲೆಂದೇ ರೋಗನಿರೋಧಕ ಶಕ್ತಿಯ ವರಸೆ ಬದಲಿಸುತ್ತವೆ; ಹಾಗಾಗಿ ಫ್ಲೂ ಜ್ವರ ಆಗ ಜೋರಾಗಿ ಕಾಡುತ್ತದೆ. ಆದರೂ ಧನುರ್ವಾಯು ತಡೆಯುವ ಟಿ.ಡಿ. ಚುಚ್ಚುಮದ್ದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತಾಯಿಯಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೂ ಸೇರುತ್ತವೆ. ಬಸುರಿಗೆ ಸೂಜಿ ಬೇಡವೆನ್ನುವ ಅತ್ತೆಯಂದಿರೇ, ದಯವಿಟ್ಟು ತಡೆಯಬೇಡಿ.

ಕೆ.ಆರ್.ಪೇಟೆ, ನಾಗಮಂಗಲದ ತವರಿಗೆ ಬಾಣಂತನಕ್ಕೆ ಹೋಗುವ ತಂಗಿಯರೇ, ಲಸಿಕೆಗಳ ವಿವರವಿರುವ ತಾಯಿ ಕಾರ್ಡ್ ಜೊತೆಗಿರಲಿ. ತಪ್ಪಿದ ಡೋಸಿದ್ದರೆ ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಈ ವಾರವೇ ಕೇಳಿ.