ಕಥಾ ಪರಿಭಾಷೆ: ‘ರಂಗನ ಮದುವೆ’ಯನ್ನು ಮುಂದಿಟ್ಟುಕೊಂಡು

ಲೇಖಕ ಬೇರೆ, ನಿರೂಪಕ ಬೇರೆ. ‘ರಂಗನ ಮದುವೆ’ ಬರೆದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986). ಕಥೆ ಹೇಳುವವನು ಶ್ಯಾಮ. ಅವನು ‘ನಾನು’ ಎನ್ನುತ್ತಾನೆ, ಆದ್ದರಿಂದ ಇದು ಉತ್ತಮ ಪುರುಷ ನಿರೂಪಣೆ. ಇಲ್ಲೇ ಎಡವುವುದು: ‘ಪ್ರಥಮ ಪುರುಷ’ ಎಂದು ಗುರುತು ಹಾಕಿದರೆ ಅಂಕ ಹೋಯಿತು. ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷವೆಂದರೆ ಅವನು, ಅವಳು, ಅದು.

ಶ್ಯಾಮನು ಜ್ಯೋತಿಷಿ ಶಾಸ್ತ್ರಿಗಳಿಗೆ ಹೇಳಬೇಕಾದುದನ್ನೆಲ್ಲ ಮೊದಲೇ ಹೇಳಿಕೊಟ್ಟು, ಏನೂ ಅರಿಯದವನಂತೆ, ಸದ್ಯಕ್ಕೆ ಮದುವೆ ಬೇಡವೆನ್ನುವ ರಂಗನನ್ನು ಅವರ ಬಳಿ ಕರೆದೊಯ್ಯುತ್ತಾನೆ. ಗುಟ್ಟು ಓದುಗರಿಗೆ ಗೊತ್ತು, ರಂಗನಿಗಿಲ್ಲ. ಇದೇ ನಾಟಕೀಯ ವ್ಯಂಗ್ಯ. ಘಟನೆಗಳನ್ನು ಕಾರಣ-ಪರಿಣಾಮವಾಗಿ ಹೆಣೆದ ಬಗೆ ಕಥಾಸಂವಿಧಾನ. ಹೊಸಹಳ್ಳಿ, ಆ ಕಾಲದ ಬಾಲ್ಯವಿವಾಹದ ರೂಢಿ ಸೇರಿ ಸನ್ನಿವೇಶ. ಆಶಯ? ಅದನ್ನು ಒಂದೇ ಪದದಲ್ಲಿ ಕೇಳುವ ಪ್ರಶ್ನೆಪತ್ರಿಕೆಗಳ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.