ಎಂ.ಕಾಂ. ಅರ್ಜಿ ತುಂಬುವ ಮೊದಲು

ಪುಟ್ಟಿ, ನಿನ್ನ ಬಿ.ಕಾಂ. ಮುಗೀತು, ಇನ್ನು ಎಂ.ಕಾಂ.ಗೆ ಶಂಕರಘಟ್ಟದ ವಿಶ್ವವಿದ್ಯಾಲಯವೋ ಕೊಣಾಜೆಯದ್ದೋ ಅಂತ ಮನೇಲಿ ಚರ್ಚೆ ನಡೀತಿದೆಯಂತೆ. ಜಾವಳಿಯಿಂದ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಇಳಿದರೆ ಕೊಣಾಜೆಯೇ ಅನುಕೂಲ ಅಂತ ನಿಮ್ಮಪ್ಪನ ವಾದ. ಬಸ್ಸಿನ ದಾರಿ ನೋಡಿ ಕೋರ್ಸು ಆರಿಸಬೇಡ ಮಗಳೇ.

ಪಾಠ ಹೇಳೋ ಆಸೆ ಇದ್ದರೆ ಎಂ.ಕಾಂ. ಮಾಡು. ಶೇಕಡಾ 55 ತೆಗೆದು, ನೆಟ್ಟೋ ಕೆ-ಸೆಟ್ಟೋ ಪಾಸು ಮಾಡಿಕೊಂಡರೆ ಕಾಲೇಜಿನ ಬಾಗಿಲು ತೆರೆಯುತ್ತೆ. ಆದರೆ ನಿನಗೆ ಆಡಿಟರ್ ಆಗಬೇಕು ಅಂತಲ್ಲವಾ? ಕಂಪನಿಯ ಲೆಕ್ಕಕ್ಕೆ ಸಹಿ ಹಾಕೋ ಅಧಿಕಾರ ಯಾವ ವಿಶ್ವವಿದ್ಯಾಲಯವೂ ಕೊಡೋದಿಲ್ಲ. ಅದು 1949ರ ಕಾಯ್ದೆಯಿಂದ ಹುಟ್ಟಿದ ಸಿಎ ಸಂಸ್ಥೆಯದ್ದು. ಬಿ.ಕಾಂ.ನಲ್ಲಿ 55 ಬಂದಿದ್ದರೆ ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಅದರ ಎರಡೂ ಗ್ರೂಪ್ ಪಾಸಾದ ಮೇಲೆ ಆಡಿಟರ್ ಕೈಕೆಳಗಿನ ತರಬೇತಿ, ಅಂದರೆ ಆರ್ಟಿಕಲ್‌ಶಿಪ್. ಮೂರು ವರ್ಷ ಇದ್ದದ್ದನ್ನು 2023ರ ಹೊಸ ಪದ್ಧತಿಯಲ್ಲಿ ಎರಡಕ್ಕಿಳಿಸಿದ್ದಾರೆ. ಅಮೆರಿಕದಲ್ಲಿರೋರು ಮಾಸ್ಟರ್ಸ್ ಬೇಕೇಬೇಕು ಅಂತಾರೆ. ಅಲ್ಲಿ ಸಿಪಿಎ ಲೈಸೆನ್ಸಿಗೆ 150 ಕ್ರೆಡಿಟ್ ಕೇಳೋ ರೂಢಿ ಬೆಳೆದಿದ್ದರಿಂದ ಆ ಮಾತು. ಇಲ್ಲಿಗೆ ಆ ಲೆಕ್ಕ ಹೊಂದೋದಿಲ್ಲ.

ಆರ್ಟಿಕಲ್‌ಶಿಪ್‌ಗೆ ಬೆಂಗಳೂರಿನ ದೊಡ್ಡ ಬೋರ್ಡೇ ಬೇಕು ಅಂತ ಹಟ ಹಿಡಿಯಬೇಡ. ತೋಟದವರ ಲೆಕ್ಕ ನೋಡೋ ಚಿಕ್ಕಮಗಳೂರಿನದ್ದೋ ಹಾಸನದ್ದೋ ಆಫೀಸಲ್ಲಿ ಕೂತು ನೋಡು. ಬೆಳೆಗಾರ ಹಸಿ ಹಣ್ಣು ಒಣಗಿಸಿ ಚೆರ್ರಿಯಾಗಿಯೋ, ಪಲ್ಪ್ ಮಾಡಿ ಪಾರ್ಚ್‌ಮೆಂಟಾಗಿಯೋ ಮಾರಿದರೆ ಅದು ಪೂರಾ ಕೃಷಿ ಆದಾಯ. ಅವನೇ ಕ್ಯೂರಿಂಗ್ ಮಾಡಿ ಮಾರಿದರೆ ಅದರ ಶೇಕಡಾ 25 ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40. 1962ರ ಆದಾಯ ತೆರಿಗೆ ನಿಯಮಾವಳಿಯ 7ಬಿ ಹೇಳಿದ್ದು ಇದು. 2025ರ ಹೊಸ ಕಾಯ್ದೆ ಬಂದಿದೆ, ಬದಲಾದದ್ದನ್ನು ಕಲಿತುಕೋ. ಗಿಡದ ಹಣ್ಣು ಒಂದೇ, ಮಾರಿದ ಹಂತದ ಮೇಲೆ ತೆರಿಗೆ ಬೇರೆ. ಇಂಥದ್ದನ್ನು ಆಡಿಟರ್ ಟೇಬಲ್ಲಿನ ಎದುರು ಕೂತು ಒಂದು ಸೀಸನ್ ಮಾಡಿದರೆ ಪುಸ್ತಕ ತಾನಾಗಿ ಅರ್ಥವಾಗುತ್ತೆ.

ನಾನು ಕಾಫಿ ತೋಟದಲ್ಲಿ ರೈಟರಾಗಿ ಆಳುಗಳ ಕೂಲಿಯ ಚೆಕ್‌ರೋಲ್ ಬರೆದವನು. ನೆರಳಿನ ಮರಗಸಿ ಮಾಡಿದ ಆಳಿನ ಕೂಲಿ ಕಾಫಿ ಖಾತೆಗೋ, ಅದೇ ಮರಕ್ಕೆ ಹಬ್ಬಿದ ಮೆಣಸಿನ ಖಾತೆಗೋ? ಸಾಹುಕಾರರು ಹೇಳಿದ ಕಡೆ ಹಾಕ್ತಿದ್ದೆವು. ಆ ಪ್ರಶ್ನೆ ನಿನಗೆ ರುಚಿಸಿದರೆ ವೆಚ್ಚದ ಲೆಕ್ಕ ಕಲಿಸೋ ಸಿಎಂಎ ಕೋರ್ಸಿನ ಕಡೆಗೂ ಕಣ್ಣು ಹಾಯಿಸು. ಪದವಿ ಮುಗಿಸಿದವರಿಗೆ ಅಲ್ಲೂ ಫೌಂಡೇಶನ್ ಬೇಡ. ಅದನ್ನು ಕಡಿಮೆಯವರ ಕೋರ್ಸು ಅನ್ನೋರ ಮಾತಿಗೆ ಕಿವಿಗೊಡಬೇಡ.

ಸಿಎ ಒಂದೇ ಸಲಕ್ಕೆ ದಾಟೋರು ಕಡಿಮೆ, ಅದೂ ನಿಜ. ಕೈಯಲ್ಲಿ ಇನ್ನೊಂದು ಪದವಿ ಇರಲಿ ಅನ್ನಿಸಿದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣದ ಎಂ.ಕಾಂ. ಜೊತೆಗಿಟ್ಟುಕೋ. ಆರ್ಟಿಕಲ್‌ಶಿಪ್ ನಡೆಯುವಾಗ ಬೇರೆ ಕೋರ್ಸ್ ಮಾಡೋಕೆ ಸಿಎ ಸಂಸ್ಥೆಯ ಅನುಮತಿ ಪಡೀಬೇಕು, ಮರೀಬೇಡ.

ನಿಮ್ಮಪ್ಪನ ಹತ್ತಿರ ನಾನು ಮಾತಾಡ್ತೀನಿ. ನೀನು ಮಾರ್ಕ್ಸ್ ಕಾರ್ಡ್ ತಗೊಂಡು ಬಾ, 55 ಬಂದಿದೆಯಾ ಕೂಡಿಸಿ ನೋಡೋಣ.